ಉಂಗುರ ಬೆರಳಿಗೆ ಇಬ್ಬರು ಯಜಮಾನರು

ಬಂಗಾರಪೇಟೆಯ ಪಾನಿಪುರಿ ತಿಂದವರಿಗೆ ಗೊತ್ತು, ಅಲ್ಲಿನ ಪಾನಿಗೆ ಬಣ್ಣವೇ ಇಲ್ಲ. ನೋಡಲು ಬರೀ ನೀರು, ಬಾಯಿಗೆ ಹಾಕಿದರೆ ಖಾರ ನೆತ್ತಿಗೇರುತ್ತದೆ. ಮಕ್ಕಳೇ, ಮುಂದಿನ ಸಲ ತಿನ್ನುವಾಗ ರುಚಿಯ ವಿಚಾರ ಒಂದು ನಿಮಿಷ ಬದಿಗಿಟ್ಟು ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಪೂರಿ ಎಷ್ಟು ತೆಳು! ತುಸು ಬಿಗಿಯಾಗಿ ಹಿಡಿದರೆ ಪುಡಿಪುಡಿ. ಸಡಿಲ ಬಿಟ್ಟರೆ ಪಾನಿಯ ಸಮೇತ ಅಂಗಿಯ ಮೇಲೆ. ಆದರೂ ಪಕ್ಕದವರ ಜೊತೆ ಹರಟೆ ಹೊಡೆಯುತ್ತಾ, ಪೂರಿಯ ಕಡೆ ಕಣ್ಣೂ ಹಾಯಿಸದೆ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತೀರಿ.

ಇದನ್ನು ಮಾಡುವುದು ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳು. ಪೂರಿ ಎಷ್ಟು ಗಟ್ಟಿಯಿದೆ, ಜಾರುತ್ತಿದೆಯೇ ಎಂಬ ಸುದ್ದಿಯನ್ನು ಬೆರಳ ತುದಿಯ ಚರ್ಮ ಕ್ಷಣಕ್ಷಣಕ್ಕೂ ಮಿದುಳಿಗೆ ಕಳಿಸುತ್ತಿರುತ್ತದೆ. "ಇನ್ನು ಸ್ವಲ್ಪ ಒತ್ತು, ಸಾಕು, ನಿಲ್ಲಿಸು" ಎಂಬ ಅಪ್ಪಣೆ ಮಿದುಳಿನಿಂದ ತಿರುಗಿ ಬರುತ್ತದೆ. ಸುದ್ದಿ ಹೋಗುವುದೂ ಅಪ್ಪಣೆ ಬರುವುದೂ ನರಗಳ ಮೂಲಕವೇ. ಅಂಗೈಯೊಳಗೆ ಆ ನರಗಳು ಯಾವ ದಾರಿಯಲ್ಲಿ ಹೋಗುತ್ತವೆ, ಕೈಗೆ ಆಪರೇಷನ್ ಮಾಡುವ ವೈದ್ಯರು ಆ ದಾರಿಯನ್ನು ಯಾಕೆ ಅಷ್ಟು ಶ್ರದ್ಧೆಯಿಂದ ಕಲಿಯುತ್ತಾರೆ, ನೋಡೋಣ.

ಮೊದಲು ನಿಮ್ಮ ಮಣಿಕಟ್ಟನ್ನು ಬೆಳಕಿಗೆ ಹಿಡಿಯಿರಿ. ನೀಲಿ ಗೆರೆಗಳು ಕಾಣುತ್ತಿವೆಯಲ್ಲ? ಅವು ನರಗಳಲ್ಲ. ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ರಕ್ತನಾಳಗಳು. ನರಗಳು ಇನ್ನೂ ಆಳದಲ್ಲಿವೆ, ಹೊರಗಿನಿಂದ ಕಾಣುವುದಿಲ್ಲ. ಚರ್ಮ ಬಿಡಿಸಿ ನೋಡಿದರೆ ಬೆಳ್ಳಗೆ, ಕೊಂಚ ಹಳದಿ ಛಾಯೆಯ, ಮೆತ್ತನೆಯ ಹುರಿ. ಮಣಿಕಟ್ಟಿನಲ್ಲಿ ಮುಖ್ಯ ನರದ ದಪ್ಪ ಪೆನ್ಸಿಲಿಗಿಂತ ಸ್ವಲ್ಪ ಕಡಿಮೆ. ಬೆರಳಿಗೆ ಬರುವಷ್ಟರಲ್ಲಿ ಅದು ಕವಲೊಡೆದು ಒಂದೆರಡು ಮಿಲಿಮೀಟರಿಗೆ ಇಳಿದಿರುತ್ತದೆ.

ಬಂಗಾರಪೇಟೆಯ ಮಕ್ಕಳಿಗೆ ಜಂಕ್ಷನ್ ಅಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನಿಂದ ಬಂದ ದೊಡ್ಡ ಲೈನು ಕುಪ್ಪಂ, ಜೋಲಾರಪೇಟೆಯ ಕಡೆ ಸಾಗುತ್ತದೆ. ಒಂದು ಕವಲು ಕೋಲಾರಕ್ಕೆ ತಿರುಗುತ್ತದೆ. ಇನ್ನೊಂದು ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಕ್ಕೆ ಹೋಗಿ ಅಲ್ಲಿಗೇ ಮುಗಿಯುತ್ತದೆ. ಚಿನ್ನದ ಗಣಿಗಳಿಗಾಗಿ 1894ರಲ್ಲಿ ಹಾಕಿದ ಕವಲು ಅದು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಿಂದ ಆಗ ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದರು.

ಮಣಿಕಟ್ಟನ್ನೂ ಅಂಥದೊಂದು ಜಂಕ್ಷನ್ ಅಂದುಕೊಳ್ಳಿ. ಕುತ್ತಿಗೆಯ ಹತ್ತಿರ ಬೆನ್ನುಹುರಿಯಿಂದ ಹೊರಟು ತೋಳಿನುದ್ದಕ್ಕೂ ಬರುವ ಮೂರು ದೊಡ್ಡ ನರಗಳು ಕೈಯನ್ನು ನೋಡಿಕೊಳ್ಳುತ್ತವೆ. ರೇಡಿಯಲ್ ನರ ಕೈಯ ಹಿಂಭಾಗಕ್ಕೆ ಹೋಗುತ್ತದೆ, ಅದನ್ನು ಇವತ್ತಿಗೆ ಬಿಡೋಣ. ಅಂಗೈಗೆ ಬರುವವು ಎರಡು. ಮುಂಗೈಯ ನಡುವೆ ಇಳಿದು ಬರುವುದು ಮೀಡಿಯನ್ ನರ. ಕಿರುಬೆರಳಿನ ಕಡೆಯಿಂದ ಬರುವುದು ಅಲ್ನಾರ್ ನರ.

ಅಲ್ನಾರ್ ನರದ ಪರಿಚಯ ನಿಮಗೆ ಈಗಾಗಲೇ ಇದೆ. ಮೊಣಕೈ ಬೆಂಚಿನ ಅಂಚಿಗೆ ತಗುಲಿ ಕರೆಂಟ್ ಹೊಡೆದಂತೆ ಜುಮ್ಮೆಂದದ್ದು ನೆನಪಿದೆಯಾ? ಆಗ ಪೆಟ್ಟು ಬಿದ್ದದ್ದು ಈ ನರಕ್ಕೆ. ಮೊಣಕೈಯ ಹಿಂದೆ ಅದು ಮೂಳೆಗೆ ಅಂಟಿಕೊಂಡು, ಚರ್ಮದ ಕೆಳಗೇ ಹಾಯುತ್ತದೆ. ಜುಮ್ಮೆನ್ನುವುದು ಎಲ್ಲಿಯವರೆಗೆ ಹೋಯಿತು ಅಂತ ಮುಂದಿನ ಸಲ ಗಮನಿಸಿ (ಬೇಕೆಂದೇ ಹೊಡೆದುಕೊಳ್ಳಬೇಡಿ, ತಾನಾಗಿಯೇ ಆಗುತ್ತದೆ). ಹೆಬ್ಬೆರಳಿಗೆ ಏನೂ ಆಗಿರುವುದಿಲ್ಲ. ಕಿರುಬೆರಳು ಮತ್ತು ಉಂಗುರ ಬೆರಳಿಗೆ ಮಾತ್ರ ಹೋಗಿರುತ್ತದೆ. ಉಂಗುರ ಬೆರಳಲ್ಲೂ ಪೂರ್ತಿ ಅಲ್ಲ, ಕಿರುಬೆರಳಿನ ಕಡೆಗಿರುವ ಅರ್ಧಕ್ಕಷ್ಟೇ.

ಬೆರಳಿನ ಲೆಕ್ಕ ಸ್ವಾರಸ್ಯವಾಗಿದೆ. ಅಂಗೈ ಕಡೆಯಿಂದ ಪ್ರತಿ ಬೆರಳಿಗೂ ಎರಡು ನರ, ಒಂದೊಂದು ಮಗ್ಗುಲಿಗೆ ಒಂದೊಂದು. ಐದು ಬೆರಳಿಗೆ ಹತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಆರು, ಉಂಗುರ ಬೆರಳಿನ ಒಂದು ಮಗ್ಗುಲಿನದು, ಹೀಗೆ ಏಳು ಮೀಡಿಯನ್ ನರದವು. ಉಂಗುರ ಬೆರಳಿನ ಇನ್ನೊಂದು ಮಗ್ಗುಲು, ಕಿರುಬೆರಳಿನ ಎರಡು, ಒಟ್ಟು ಮೂರು ಅಲ್ನಾರ್ ನರದವು. ಅಂದರೆ ಒಂದು ನರಕ್ಕೆ ಮೂರೂವರೆ ಬೆರಳು, ಇನ್ನೊಂದಕ್ಕೆ ಒಂದೂವರೆ. ಸಾಮಾನ್ಯವಾಗಿ ಗಡಿ ಹಾಯುವುದು ಉಂಗುರ ಬೆರಳಿನ ನಟ್ಟನಡುವೆ. ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಹತ್ತಿರವಿರುವ ಕೆಜಿಎಫ್‌ನಲ್ಲಿ ಬೆಳೆದವರಿಗೆ ಗಡಿಯ ಮೇಲೆ ಬದುಕುವುದು ಹೊಸದೇನಲ್ಲ ಬಿಡಿ.

ಈ ಗಡಿಯಿಂದ ವೈದ್ಯರಿಗೆ ದೊಡ್ಡ ಉಪಯೋಗವಿದೆ. "ಕೈ ಜೋಮು ಹಿಡಿಯುತ್ತದೆ ಡಾಕ್ಟ್ರೇ" ಅಂತ ಬಂದವರ ಉಂಗುರ ಬೆರಳಿನ ಎರಡೂ ಮಗ್ಗುಲನ್ನು ಅವರು ಹತ್ತಿಯಿಂದ ಮುಟ್ಟಿ ನೋಡುತ್ತಾರೆ. ನಡುಬೆರಳಿನ ಕಡೆಯ ಅರ್ಧ ಮಂಕಾಗಿದ್ದು ಕಿರುಬೆರಳಿನ ಕಡೆಯ ಅರ್ಧ ಸರಿಯಾಗಿದ್ದರೆ ತೊಂದರೆ ಮೀಡಿಯನ್ ನರದ್ದು. ಅದರ ತಿರುಗುಮುರುಗಾದರೆ ಅಲ್ನಾರ್ ನರದ್ದು. ಯಾವ ಯಂತ್ರವೂ ಬೇಡ, ಒಂದು ಚೂರು ಹತ್ತಿ ಸಾಕು.

ಹೆಬ್ಬೆರಳ ಸ್ನಾಯುಗಳಲ್ಲೂ ಇಂಥದೇ ಹಂಚಿಕೆ. ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಿ, ಇನ್ನೊಂದು ಕೈಯಿಂದ ಹೆಬ್ಬೆರಳ ಬುಡದ ದಪ್ಪ ಭಾಗವನ್ನು ಒತ್ತಿ ನೋಡಿ. ಗಟ್ಟಿಯಾಗಿದೆ, ಅಲ್ಲವೇ? ಹೆಬ್ಬೆರಳನ್ನು ಬೇರೆ ಬೆರಳುಗಳ ಎದುರಿಗೆ ತಂದು ನಿಲ್ಲಿಸುವ ಈ ಸ್ನಾಯುಗಳಿಗೆ ಮುಖ್ಯವಾಗಿ ಮೀಡಿಯನ್ ನರದ ಅಪ್ಪಣೆ. ಈಗ ಒಂದು ಹಾಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಮಗ್ಗುಲ ನಡುವೆ ಚಪ್ಪಟೆಯಾಗಿ ಹಿಡಿಯಿರಿ. ಗೆಳೆಯನಿಗೆ ಎಳೆಯಲು ಹೇಳಿ. ಹಾಳೆ ಬಿಡದೆ ಹಿಡಿಯುವ ಸ್ನಾಯುವಿಗೆ ಅಲ್ನಾರ್ ನರದ ಅಪ್ಪಣೆ. ಆ ನರ ಸೋತಿದ್ದರೆ ಹೆಬ್ಬೆರಳ ತುದಿಯ ಗೆಣ್ಣು ತಾನಾಗಿ ಮಡಿಚಿಕೊಳ್ಳುತ್ತದೆ, ಬೇರೆ ಸ್ನಾಯುವಿನ ಸಹಾಯ ಪಡೆದು ಹಾಳೆ ಹಿಡಿಯಲು ನೋಡುತ್ತದೆ. ಫ್ರಾನ್ಸಿನ ಫ್ರೊಮಾಂ ಎಂಬ ವೈದ್ಯರು ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರಲ್ಲಿ, ಈ ಲಕ್ಷಣವನ್ನು ವಿವರಿಸಿದರು. ಇವತ್ತಿಗೂ ಆಸ್ಪತ್ರೆಗಳಲ್ಲಿ ಹೀಗೇ ಹಾಳೆ ಹಿಡಿಸಿ ನೋಡುತ್ತಾರೆ.

ಇನ್ನೊಂದು ಆಟ. ಹೇರ್‌ಪಿನ್ನಿನ ಎರಡು ತುದಿಗಳನ್ನು ಮೂರು ಮಿಲಿಮೀಟರ್ ಅಂತರಕ್ಕೆ ಬಾಗಿಸಿ. ಗೆಳತಿಗೆ ಕಣ್ಣು ಮುಚ್ಚಲು ಹೇಳಿ, ಅವಳ ಬೆರಳ ತುದಿಗೆ ಮೆಲ್ಲಗೆ ಮುಟ್ಟಿಸಿ. "ಎರಡು" ಎನ್ನುತ್ತಾಳೆ. ಅದೇ ಪಿನ್ನನ್ನು ಅಂಗೈ ನಡುವಿಗೆ ಮುಟ್ಟಿಸಿದರೆ "ಒಂದು" ಅನ್ನಬಹುದು. ಅಲ್ಲಿ ಎರಡೆಂದು ತಿಳಿಯಲು ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಅಂತರ ಬೇಕು. ಮುಂಗೈಯಲ್ಲಿ ನಾಲ್ಕು ಸೆಂಟಿಮೀಟರ್ ಆದರೂ ಬೇಕಾದೀತು. ಬೆರಳ ತುದಿಯಲ್ಲಿ ಸ್ಪರ್ಶಗ್ರಾಹಕಗಳು ಅಷ್ಟು ಒತ್ತೊತ್ತಾಗಿ ಕೂತಿವೆ. ಒಂದು ಕೈಯ ಅಂಗೈ ಮತ್ತು ಬೆರಳುಗಳಲ್ಲಿ ಸೇರಿ ಅವು ಸುಮಾರು 17,000 ಎಂದು ವಿಜ್ಞಾನಿಗಳ ಅಂದಾಜು.

ಅವುಗಳಲ್ಲಿ ಒಂದು ಬಗೆಯದನ್ನು ಕಂಡುಹಿಡಿದವನು ಒಬ್ಬ ವಿದ್ಯಾರ್ಥಿ! ಇಟಲಿಯ ಫಿಲಿಪ್ಪೊ ಪಚೀನಿ 1831ರಲ್ಲಿ ಇನ್ನೂ ವೈದ್ಯಕೀಯ ಓದುತ್ತಿದ್ದ ಹುಡುಗ. ಕೈಯೊಂದನ್ನು ಬಿಡಿಸಿ ನೋಡುವಾಗ ನರದ ಕವಲುಗಳಿಗೆ ಅಂಟಿಕೊಂಡ ಪುಟ್ಟ ಪುಟ್ಟ ಗುಳಿಗೆಯಂಥವು ಅವನ ಕಣ್ಣಿಗೆ ಬಿದ್ದವು. ಒಂದು ಮಿಲಿಮೀಟರಿನಷ್ಟು ಉದ್ದ, ಈರುಳ್ಳಿಯ ಹಾಗೆ ಪದರ ಪದರ. ನಡುಕ, ಕಂಪನಗಳನ್ನು ಗುರುತಿಸುವುದು ಇವೇ. ಕೈಯಲ್ಲಿರುವ ಮೊಬೈಲ್ ಸದ್ದಿಲ್ಲದೆ ನಡುಗಿದ್ದು ತಿಳಿಯುವುದು ಪಚೀನಿಯ ಗುಳಿಗೆಗಳಿಂದ.

ಕಂಪನ ಅಂದಕೂಡಲೇ ಚಿನ್ನದ ಗಣಿ ನೆನಪಾಗುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ನೆಲಕ್ಕೆ ಕೈ ಹಾಕಿದ ಮೇಲೆ, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ, ತಲೆಮಾರುಗಳ ಕಾರ್ಮಿಕರು ಇಲ್ಲಿ ಬಂಡೆ ಕೊರೆದರು. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ಅಷ್ಟು ಆಳದ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. (ಅದೇ ಗಣಿಯ ಆಳದಲ್ಲಿ ಕೂತು ವಿಜ್ಞಾನಿಗಳು 1965ರಲ್ಲಿ ಆಕಾಶದಿಂದ ಬಂದ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಹಿಡಿದರು. ಅದನ್ನು ಇನ್ನೊಂದು ದಿನ ಹೇಳಬೇಕು.) ಬಂಡೆಗೆ ಕುಳಿ ಕೊರೆಯುತ್ತಿದ್ದದ್ದು ಗಾಳಿಯ ಒತ್ತಡದಿಂದ ನಡೆಯುವ ಡ್ರಿಲ್ಲಿಂಗ್ ಯಂತ್ರಗಳಿಂದ. ಅವುಗಳ ಹಿಡಿ ಹಿಡಿದವರ ಕೈ, ತೋಳು, ಭುಜ ಎಲ್ಲ ಅದುರಬೇಕು.

ಹೀಗೆ ದಿನವೂ ವರ್ಷಗಟ್ಟಲೆ ಅದುರಿದರೆ ಬೆರಳಿನ ಸಣ್ಣ ರಕ್ತನಾಳಗಳಿಗೂ ನರಗಳಿಗೂ ಪೆಟ್ಟಾಗುತ್ತದೆ. ಇದನ್ನು ಮೊದಮೊದಲು ಕೂಲಂಕಷವಾಗಿ ನೋಡಿದವರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಒಬ್ಬರು. 1918ರಲ್ಲಿ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಎಂಬಲ್ಲಿ ಗಾಳಿ ಸುತ್ತಿಗೆಯಿಂದ ಸುಣ್ಣದ ಕಲ್ಲು ಕೆತ್ತುವವರನ್ನು ಅವರು ಪರೀಕ್ಷಿಸಿದರು. ಚಳಿಯಲ್ಲಿ ಅವರ ಬೆರಳುಗಳು ಬೆಳ್ಳಗಾಗಿ ಮರಗಟ್ಟುತ್ತಿದ್ದವು. ಅಂಗಿಯ ಗುಂಡಿ ಹಾಕಿಕೊಳ್ಳುವಂಥ ಸಣ್ಣ ಕೆಲಸವೂ ಇಂಥ ಬೆರಳಿಗೆ ಕಷ್ಟ. ಕೆಜಿಎಫ್ ಕಾರ್ಮಿಕರ ಶ್ವಾಸಕೋಶದ ಕಾಯಿಲೆಯ ಬಗ್ಗೆ ನಾವು ಆಗಾಗ ಮಾತಾಡುತ್ತೇವೆ. ಅವರ ಕೈಗಳ ಬಗ್ಗೆ ಮಾತಾಡಿದ್ದು ತೀರಾ ಕಡಿಮೆ ಅಂತಲೇ ನನಗನ್ನಿಸುತ್ತದೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಗಣಿಯಲ್ಲಿ ದುಡಿದ ತಾತ ಇದ್ದರೆ, ಡ್ರಿಲ್ಲಿಂಗ್ ಮುಗಿಸಿ ಮೇಲೆ ಬಂದಾಗ ಕೈ ಹೇಗಿರುತ್ತಿತ್ತು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮಾಲೂರು ತಾಲ್ಲೂಕಿನ ಟೇಕಲ್ ಕಡೆಯ ಕಲ್ಲು ಕ್ವಾರಿಗಳಲ್ಲಿ ಕೊರೆಯುವವರಿಗೂ ಇದೇ ಪ್ರಶ್ನೆ ಕೇಳಬಹುದು.

ಮತ್ತೆ ಮಣಿಕಟ್ಟಿಗೆ ಬರೋಣ. ಅಲ್ಲೊಂದು ಸುರಂಗವಿದೆ. ತಳಕ್ಕೂ ಪಕ್ಕಗಳಿಗೂ ಎಂಟು ಸಣ್ಣ ಮೂಳೆಗಳು, ಮೇಲ್ಛಾವಣಿಗೆ ಗಟ್ಟಿಯಾದ ಅಗಲ ಪಟ್ಟಿ. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು ಮತ್ತು ಮೀಡಿಯನ್ ನರ, ಈ ಹತ್ತೂ ಇಕ್ಕಟ್ಟಿನಲ್ಲಿ ನುಸುಳಿ ಅಂಗೈಗೆ ಬರಬೇಕು. ಅಲ್ನಾರ್ ನರ ಈ ಸುರಂಗಕ್ಕೆ ಬರುವುದಿಲ್ಲ, ಪಕ್ಕದ ಬೇರೆ ಕಿಂಡಿಯಿಂದ ಹಾಯುತ್ತದೆ. ಸುರಂಗದೊಳಗೆ ಊತ ಬಂದರೆ ಮೊದಲು ನಲುಗುವುದು ಮೆತ್ತಗಿರುವ ನರ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ನಡುರಾತ್ರಿ ಎದ್ದು ಕೂತು ಕೈ ಕೊಡವಿಕೊಳ್ಳುವುದನ್ನು ನೋಡಿರಬಹುದು. ಹೆಬ್ಬೆರಳಿಂದ ಉಂಗುರ ಬೆರಳಿನ ಅರ್ಧದವರೆಗೆ ಜೋಮು, ಚುಚ್ಚಿದಂಥ ನೋವು. ಮುದ್ದೆ ತೊಳಸುವಾಗ ಕೋಲು ಕೈ ಜಾರುತ್ತದೆ ಎನ್ನುತ್ತಾರೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಿಗೆ, ಬಸುರಿಯರಿಗೆ, ಕೈಗೆ ಬಲ ಹಾಕಿ ಮಾಡುವ ಕೆಲಸ ಇರುವವರಿಗೆ ಇದು ಹೆಚ್ಚು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ.

ಇಲ್ಲೊಂದು ಪತ್ತೇದಾರಿ ಸುಳಿವಿದೆ. ಬೆರಳು ಮರಗಟ್ಟಿದ್ದರೂ ಅಂಗೈಯ ನಡುಭಾಗ ಚೆನ್ನಾಗಿಯೇ ಇರುತ್ತದೆ. ಯಾಕೆ? ಅಂಗೈಯ ಆ ಭಾಗದ ಚರ್ಮಕ್ಕೆ ಹೋಗುವ ಕವಲು ಮಣಿಕಟ್ಟಿಗಿಂತ ಸುಮಾರು ಐದು ಸೆಂಟಿಮೀಟರ್ ಹಿಂದೆಯೇ ಮೀಡಿಯನ್ ನರದಿಂದ ಬೇರೆಯಾಗಿ, ಸುರಂಗಕ್ಕೆ ನುಗ್ಗದೆ ಮೇಲಿನಿಂದಲೇ ಹಾದುಹೋಗಿರುತ್ತದೆ. ಬೆರಳಿನ ಜೊತೆ ಅಂಗೈಯೂ ಮರಗಟ್ಟಿದ್ದರೆ ತೊಂದರೆ ಸುರಂಗದಲ್ಲಿಲ್ಲ, ಇನ್ನೂ ಮೇಲೆ ಹುಡುಕಬೇಕು.

ಎಷ್ಟೋ ಜನರಿಗೆ ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗಿದರೆ ಸಾಕು. ಅದರಿಂದ ವಾಸಿಯಾಗದಿದ್ದರೆ ಆಪರೇಷನ್. ಅಂಗೈಯ ಬುಡದಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಕೊಯ್ದು ಸುರಂಗದ ಮೇಲ್ಛಾವಣಿಯ ಪಟ್ಟಿಯನ್ನು ಸೀಳುತ್ತಾರೆ, ನರಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಕೇಳಲು ಸುಲಭ. ಎಲ್ಲಿ ಕೊಯ್ಯಬೇಕು ಅನ್ನುವುದರಲ್ಲಿದೆ ಜಾಣ್ಮೆ. ಹೆಬ್ಬೆರಳ ಕಡೆಗೆ ಸರಿದರೆ ಈಗ ಹೇಳಿದ ಚರ್ಮದ ಕವಲು ತುಂಡಾಗಬಹುದು. ಕಿರುಬೆರಳ ಕಡೆಗೆ ಸರಿದರೆ ಅಲ್ನಾರ್ ನರ, ಅದರ ಜೊತೆಗೇ ಬರುವ ರಕ್ತನಾಳ. ಅದಕ್ಕೇ ಉಂಗುರ ಬೆರಳಿನ ನೇರಕ್ಕೆ ಗೆರೆ ಎಳೆದುಕೊಂಡು ಕೊಯ್ಯುವುದು ರೂಢಿ. ಎರಡು ಸೀಮೆಗಳ ನಡುವಿನ ಗಡಿಯಲ್ಲವೇ ಅದು!

ಗಡಿಯಲ್ಲಿ ಕೊಯ್ದರೂ ಕಣ್ಣು ಮುಚ್ಚಿಕೊಂಡು ಕೊಯ್ಯುವ ಹಾಗಿಲ್ಲ. ಹೆಬ್ಬೆರಳ ಬುಡದ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ಪುಟ್ಟ ಕವಲು ಬಹಳಷ್ಟು ಕೈಗಳಲ್ಲಿ ಸುರಂಗ ದಾಟಿದ ಮೇಲೆ ಹಿಂದಕ್ಕೆ ತಿರುಗುತ್ತದೆ. ಕೆಲವರಲ್ಲಿ ಸುರಂಗದೊಳಗೇ ಕವಲೊಡೆಯುತ್ತದೆ. ಇನ್ನು ಕೆಲವರಲ್ಲಿ ಮೇಲ್ಛಾವಣಿಯ ಪಟ್ಟಿಯನ್ನೇ ತೂರಿಕೊಂಡು ಹೊರಬರುತ್ತದೆ. ಪಟ್ಟಿ ಸೀಳುವಾಗ ನೋಡದೆ ಕತ್ತರಿ ಆಡಿಸಿದರೆ ಅದೂ ಹೋಯಿತು, ಹೆಬ್ಬೆರಳು ಎದುರಿಗೆ ತರುವ ಶಕ್ತಿಯೂ ಹೋಯಿತು. ಅಮೆರಿಕದ ಶಸ್ತ್ರವೈದ್ಯರು ಇದಕ್ಕೆ ಹತ್ತು ಲಕ್ಷ ಡಾಲರ್ ನರ ಎಂದು ಅಡ್ಡಹೆಸರಿಟ್ಟಿದ್ದಾರೆ. ತುಂಡು ಮಾಡಿದವರು ಕೋರ್ಟಿನಲ್ಲಿ ಅಷ್ಟು ಪರಿಹಾರ ಕಟ್ಟಬೇಕಾದೀತು ಅಂತ!

ಇನ್ನೊಂದು ಅಚ್ಚರಿ ಉಂಗುರ ಬೆರಳ ಬುಡದಲ್ಲೇ ಅಡಗಿದೆ. ಬಂಗಾರಪೇಟೆ ಜಂಕ್ಷನ್ ದಾಟಿದ ಮೇಲೆ ಕೋಲಾರದ ಲೈನಿಗೂ ಮಾರಿಕುಪ್ಪದ ಲೈನಿಗೂ ಸಂಬಂಧವಿಲ್ಲ. ಅಂಗೈ ಹಾಗಲ್ಲ. ಬಹುಪಾಲು ಕೈಗಳಲ್ಲಿ ಅಲ್ನಾರ್ ನರದ ಕವಲಿನಿಂದ ಒಂದು ಸಣ್ಣ ಎಳೆ ಹೊರಟು, ಓರೆಯಾಗಿ ಹೋಗಿ, ಮೀಡಿಯನ್ ನರದ ಕವಲನ್ನು ಸೇರುತ್ತದೆ. ಮಣಿಕಟ್ಟಿನಲ್ಲಿ ಬೇರೆಬೇರೆಯಾಗಿ ಹಾದ ಎರಡು ನರಗಳು ಅಂಗೈಯಲ್ಲಿ ಮತ್ತೆ ಕೈ ಜೋಡಿಸುತ್ತವೆ. ಉಂಗುರ ಬೆರಳು ಮತ್ತು ನಡುಬೆರಳು ಒಂದಕ್ಕೊಂದು ತಾಗುವ ಮಗ್ಗುಲುಗಳ ಸ್ಪರ್ಶಕ್ಕೆ ಈ ಎಳೆಯೂ ಕಾರಣ. ಹಾಗಾಗಿ ಗಡಿಯ ಲೆಕ್ಕ ಪುಸ್ತಕದಲ್ಲಿರುವಷ್ಟು ನೆಟ್ಟಗೆ ಎಲ್ಲರ ಕೈಯಲ್ಲೂ ಇರುವುದಿಲ್ಲ. ಕೆಲವರಲ್ಲಿ ಈ ಎಳೆ ಸುರಂಗದ ಮೇಲ್ಛಾವಣಿಯ ಅಂಚಿಗೆ ತೀರಾ ಹತ್ತಿರ ಹಾಯುತ್ತದೆ, ಕೆಲವರಲ್ಲಿ ದೂರ, ಕೆಲವರಲ್ಲಿ ಇಲ್ಲವೇ ಇಲ್ಲ. ಇದರ ಅರಿವಿಲ್ಲದೆ ಆಪರೇಷನ್ ಮಾಡಿದರೆ ಜೋಮು ಹೋಗಲೆಂದು ಬಂದವರಿಗೆ ಹೊಸ ಜಾಗದಲ್ಲಿ ಜೋಮು ಶುರುವಾಗುತ್ತದೆ.

ಈ ಎಳೆಗೆ ಬೆರೆಟ್ಟೀನಿ ಕವಲು ಎಂದು ಹೆಸರು. ಬೆರೆಟ್ಟೀನಿ ವೈದ್ಯನಲ್ಲ, ಚಿತ್ರಕಾರ! ಇಟಲಿಯ ಕೊರ್ತೋನಾ ಊರಿನ ಪಿಯೆತ್ರೊ ಬೆರೆಟ್ಟೀನಿ 1596ರಲ್ಲಿ ಹುಟ್ಟಿದವನು. ರೋಮಿನ ಬಾರ್ಬೆರೀನಿ ಅರಮನೆಯ ಚಾವಣಿಯ ಚಿತ್ರದಿಂದ ಹೆಸರುವಾಸಿಯಾದವನು. ವಯಸ್ಸಿನಲ್ಲಿ ಚಿಕ್ಕವನಿದ್ದಾಗ ಮನುಷ್ಯ ದೇಹದ ಒಳಗಿನ ನರಗಳ ಚಿತ್ರಗಳನ್ನೂ ಬರೆದಿದ್ದ. ಅವು ಪುಸ್ತಕವಾಗಿ ಅಚ್ಚಾದದ್ದು 1741ರಲ್ಲಿ, ಅವನು ತೀರಿಕೊಂಡು 72 ವರ್ಷವಾದ ಮೇಲೆ. ಅದರಲ್ಲಿ ಅಂಗೈಯ ಎರಡು ನರಗಳನ್ನು ಕೂಡಿಸುವ ಈ ಎಳೆಯೂ ಇತ್ತು. ಕಂಡದ್ದನ್ನು ಕಂಡ ಹಾಗೆ ಬರೆಯುವ ಚಿತ್ರಕಾರನ ಶ್ರದ್ಧೆ ಶಸ್ತ್ರವೈದ್ಯರಿಗೆ ಉಪಯೋಗಕ್ಕೆ ಬಂತು. ಡ್ರಾಯಿಂಗ್ ಪೀರಿಯಡ್ಡನ್ನು ಹಗುರವಾಗಿ ಕಾಣುವ ದೊಡ್ಡವರಿಗೆ ಈ ಕಥೆ ಹೇಳಿ.

ಯಾರ ಕೈಯಲ್ಲಿ ಯಾವ ದಾರಿ ಅನ್ನುವುದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬಹಳ ಕೈಗಳನ್ನು ಬಿಡಿಸಿ ನೋಡಿಯೇ ಕಲಿಯಬೇಕು. ಕೋಲಾರದ ಟಮಕದಲ್ಲಿ 1986ರಿಂದ ವೈದ್ಯಕೀಯ ಕಾಲೇಜು ಇದೆ. ಯಾವುದೇ ವೈದ್ಯಕೀಯ ಕಾಲೇಜಿನಲ್ಲೂ ಮೊದಲ ವರ್ಷದ ವಿದ್ಯಾರ್ಥಿಗಳು ಮೃತದೇಹದ ಅಂಗೈಯನ್ನು ಪದರ ಪದರವಾಗಿ ಬಿಡಿಸಿ ಈ ನರಗಳನ್ನು ಹುಡುಕುತ್ತಾರೆ. "ನಾನು ಸತ್ತ ಮೇಲೆ ನನ್ನ ದೇಹ ಕಾಲೇಜಿಗೆ ಕೊಡಿ" ಎಂದು ಬರೆದಿಟ್ಟು ಹೋದವರಿಂದ ಈ ಕಲಿಕೆ ಸಾಧ್ಯವಾಗುತ್ತದೆ. ಅವರ ಕೈಯಿಂದ ಕಲಿತವರು ನಮ್ಮ ಕೈ ಉಳಿಸುತ್ತಾರೆ.

ಬಂಗಾರಪೇಟೆಯಿಂದ ಜೋಲಾರಪೇಟೆ ಕಡೆಯ ರೈಲು ಹತ್ತಿ ಮುಂದೆ ಹೋದರೆ ಕಾಟ್ಪಾಡಿ ಸಿಗುತ್ತದೆ. ಅದರ ಪಕ್ಕವೇ ವೆಲ್ಲೂರು. ದೊಡ್ಡ ಕಾಯಿಲೆ ಬಂದರೆ ನಮ್ಮ ಕಡೆಯವರು ಹೊರಡುವ ಊರುಗಳಲ್ಲಿ ಅದೂ ಒಂದು. ಕೈ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಆ ಊರಿಗೆ ವಿಶೇಷ ಜಾಗವಿದೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಇಂಗ್ಲಿಷ್ ವೈದ್ಯ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗ ಬಂದವರ ಬೆರಳು ಮಡಿಚಿ ಗಟ್ಟಿಯಾಗುವುದು, ಸವೆಯುವುದು ಯಾಕೆಂದು ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಮಾಂಸವೇ ಕೆಟ್ಟು ಉದುರುತ್ತದೆ ಎಂದು ನಂಬಿದ್ದರು. ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಬ್ರಾಂಡ್ ಒಬ್ಬ ರೋಗಿಯ ಮಡಿಚಿದ ಬೆರಳುಗಳ ನಡುವೆ ತಮ್ಮ ಕೈ ಇಟ್ಟು "ಒತ್ತಿ ಹಿಡಿ" ಎಂದರು. ಬಲವಿಲ್ಲದ ಕೈ ಅಂದುಕೊಂಡಿದ್ದರು. ಅವನು ಹಿಡಿದ ಹಿಡಿತಕ್ಕೆ ಬ್ರಾಂಡ್ ನೋವಿನಿಂದ ಕೂಗಿಕೊಳ್ಳುವಂತಾಯಿತು.

ಆ ನೋವಿನಲ್ಲೇ ಅವರಿಗೆ ಉತ್ತರ ಸಿಕ್ಕಿತು. ಕೈ ಪೂರ್ತಿ ಸತ್ತಿಲ್ಲ. ಕುಷ್ಠರೋಗ ನರಗಳನ್ನು ಕೆಡಿಸುವುದು ಚರ್ಮಕ್ಕೆ ಹತ್ತಿರದ, ತಂಪಾದ ಜಾಗಗಳಲ್ಲಿ. ಅಲ್ನಾರ್ ನರ ಮೊಣಕೈಯ ಬಳಿ ಕೆಡುತ್ತದೆ, ಮೀಡಿಯನ್ ನರ ಮಣಿಕಟ್ಟಿನ ಬಳಿ. ಅದಕ್ಕೂ ಮೊದಲೇ ಅಪ್ಪಣೆ ಪಡೆಯುವ ಮುಂಗೈಯ ಸ್ನಾಯುಗಳು ಗಟ್ಟಿಮುಟ್ಟಾಗಿವೆ. ಅಂಗೈಯೊಳಗಿನ ಸಣ್ಣ ಸ್ನಾಯುಗಳು ಮಾತ್ರ ಸೋತಿವೆ. ಹಾಗಿದ್ದರೆ ಗಟ್ಟಿ ಸ್ನಾಯುವಿನ ರಜ್ಜುವನ್ನು ಬಿಡಿಸಿ ಸೋತ ಸ್ನಾಯುವಿನ ಕೆಲಸಕ್ಕೆ ಜೋಡಿಸಬಹುದಲ್ಲ! 1940ರ ದಶಕದ ಕೊನೆಗೆ ಬ್ರಾಂಡ್ ಮತ್ತು ಅವರ ಜೊತೆಯವರು ಇದನ್ನು ಮಾಡಿ ತೋರಿಸಿದರು. ಮಡಿಚಿದ್ದ ಬೆರಳು ಬಿಚ್ಚಿದವು. ಬೆರಳು ಸವೆಯುವುದಕ್ಕೆ ಕಾರಣವೂ ಸಿಕ್ಕಿತು. ಸ್ಪರ್ಶದ ನರ ಕೆಟ್ಟ ಕೈಗೆ ಬಿಸಿ ಪಾತ್ರೆ ಹಿಡಿದದ್ದು, ಮೊಳೆ ಚುಚ್ಚಿದ್ದು ತಿಳಿಯುವುದಿಲ್ಲ. ಗಾಯದ ಮೇಲೆ ಗಾಯವಾಗಿ ಬೆರಳು ಹಾಳಾಗುತ್ತದೆ. ನೋವು ಯಾಕಾದರೂ ಇದೆಯೋ ಅನ್ನಿಸುತ್ತದಲ್ಲ, ನೋವಿಲ್ಲದ ಕೈಯ ಪಾಡು ಇದು. ಈಗ ಕುಷ್ಠರೋಗಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಇದೆ, ಬೇಗ ತೋರಿಸಿದರೆ ಕೈಗೆ ಏನೂ ಆಗದಂತೆ ವಾಸಿಯಾಗುತ್ತದೆ.

ನರ ತುಂಡಾದರೆ ಏನಾಗುತ್ತದೆ? ಕರೆಂಟಿನ ತಂತಿಯಾದರೆ ಎರಡು ತುದಿ ಹೆಣೆದ ತಕ್ಷಣ ದೀಪ ಉರಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಎಳೆದ ತಂತಿ ತುಂಡಾಗಿದ್ದರೂ ಹಾಗೇ ಮಾಡುತ್ತಿದ್ದರು. ನರ ಜೀವಂತ ವಸ್ತು. ಅದರಲ್ಲಿ ಸುದ್ದಿ ಸಾಗುವ ವೇಗವೂ ತಂತಿಯದಲ್ಲ. ಸ್ಪರ್ಶದ ಸುದ್ದಿ ಸೆಕೆಂಡಿಗೆ ಸುಮಾರು 50 ಮೀಟರ್ ಹೋಗುತ್ತದೆ. ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ 16 ಕಿಲೋಮೀಟರ್ ಉದ್ದದ ನರ ಇದ್ದಿದ್ದರೆ ಸುದ್ದಿ ಮುಟ್ಟಲು ಐದು ನಿಮಿಷ ದಾಟುತ್ತಿತ್ತು. ಉರಿಯುವ ನೋವಿನ ಸುದ್ದಿ ಇನ್ನೂ ನಿಧಾನ, ಸೆಕೆಂಡಿಗೆ ಒಂದು ಮೀಟರ್ ಆಸುಪಾಸು. ಬಿಸಿ ತವಾ ತಗುಲಿದಾಗ ಮುಟ್ಟಿದ್ದು ಮೊದಲು ತಿಳಿದು, ಉರಿ ಆಮೇಲೆ ಏರುವುದು ಅದಕ್ಕೇ.

ತುಂಡಾದ ನರದಲ್ಲಿ ಕೈತುದಿಯ ಕಡೆಯ ಎಳೆಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಅವುಗಳ ಹೊದಿಕೆಯ ಕೊಳವೆ ಮಾತ್ರ ಉಳಿಯುತ್ತದೆ. ಶಸ್ತ್ರವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಕೂದಲಿಗಿಂತ ಸಣ್ಣ ನೈಲಾನ್ ದಾರದಿಂದ ಎರಡು ತುದಿಗಳ ಹೊದಿಕೆ ಕೂಡಿಸಿ ಹೊಲಿಯುತ್ತಾರೆ. ಮೇಲಿನ ತುದಿಯಿಂದ ಹೊಸ ಎಳೆಗಳು ಚಿಗುರಿ ಆ ಕೊಳವೆಗಳಲ್ಲಿ ಇಳಿಯಬೇಕು. ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ 18 ಸೆಂಟಿಮೀಟರ್ ಅಂದರೂ ಆರು ತಿಂಗಳು. ಇದೇ ವೇಗದಲ್ಲಿ ಚಾಂಪಿಯನ್ ರೀಫ್ ಗಣಿಯ ತಳ ಮುಟ್ಟಲು ಎಷ್ಟು ಕಾಲ ಬೇಕು? 32 ಲಕ್ಷ ದಿನ, ಅಂದರೆ 8,700 ವರ್ಷಕ್ಕೂ ಹೆಚ್ಚು! ಒಂದು ಸಮಾಧಾನ ಇದೆ. ದೊಡ್ಡವರಿಗಿಂತ ಮಕ್ಕಳಲ್ಲಿ ನರ ಚೆನ್ನಾಗಿ ಕೂಡಿಕೊಳ್ಳುತ್ತದೆ.

ಚಿಗುರು ಎಲ್ಲಿಯವರೆಗೆ ಬಂತು ಅಂತ ತಿಳಿಯುವುದು ಹೇಗೆ? ನರದ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟಿದರೆ, ಹೊಸ ಎಳೆಗಳ ತುದಿ ಇರುವ ಜಾಗದಲ್ಲಿ ಜುಮ್ಮೆನ್ನುತ್ತದೆ. ತಿಂಗಳು ತಿಂಗಳಿಗೂ ಆ ಜಾಗ ಮುಂದೆ ಸರಿಯುತ್ತಿದ್ದರೆ ಎಲ್ಲ ಸರಿ. 1915ರಲ್ಲಿ ಜರ್ಮನಿಯ ಹಾಫ್‌ಮನ್ ಮತ್ತು ಫ್ರಾನ್ಸಿನ ಟಿನೆಲ್ ಇಬ್ಬರೂ ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡರು. ಅವರ ದೇಶಗಳು ಆಗ ಒಂದಕ್ಕೊಂದು ಗುಂಡು ಹಾರಿಸುತ್ತಿದ್ದವು.

ಜುಮ್ಮೆಂದಿತೋ ಇಲ್ಲವೋ ಹೇಳಲು ಬಾರದ ಎರಡು ವರ್ಷದ ಮಗು ಕೈ ಕುಯ್ದುಕೊಂಡಿದ್ದರೆ? ಅದಕ್ಕೂ ಉಪಾಯವಿದೆ, ಒಂದು ಬೋಗುಣಿ ಬೆಚ್ಚಗಿನ ನೀರು. ನೀವು ತುಂಬ ಹೊತ್ತು ನೀರಾಡಿದರೆ ಬೆರಳ ತುದಿ ಸುಕ್ಕಾಗುತ್ತದಲ್ಲ, ನೀರು ಕುಡಿದು ಚರ್ಮ ಹಾಗಾಗುತ್ತದೆ ಅಂತ ನಾವೆಲ್ಲ ತಿಳಿದಿದ್ದೇವೆ. ಅಷ್ಟೇ ಕಾರಣವಲ್ಲ. ನೀರಿನ ಸುದ್ದಿ ಸಿಕ್ಕ ನರ ಬೆರಳ ತುದಿಯ ರಕ್ತನಾಳಗಳಿಗೆ ಸಂಕುಚಿಸಲು ಹೇಳುತ್ತದೆ, ಒಳಗಿನ ಗಾತ್ರ ಕುಗ್ಗಿ ಮೇಲಿನ ಚರ್ಮ ಮಡಿಕೆಯಾಗುತ್ತದೆ. ನರ ತುಂಡಾದ ಬೆರಳು ಎಷ್ಟು ನೆನೆದರೂ ನುಣ್ಣಗೇ ಇರುತ್ತದೆ. 1973ರಲ್ಲಿ ಓರಿಯನ್ ಎಂಬ ವೈದ್ಯರು ಇದನ್ನು ನರದ ಪರೀಕ್ಷೆಯಾಗಿ ಬಳಸಬಹುದೆಂದು ಬರೆದರು. ಇವತ್ತು ಸ್ನಾನದ ನೀರಿನಲ್ಲಿ ಇಪ್ಪತ್ತು ನಿಮಿಷ ಕೈ ಇಟ್ಟು ನಿಮ್ಮ ಹತ್ತೂ ಬೆರಳು ಸುಕ್ಕಾಗುತ್ತವೆಯೇ ನೋಡಿ. ನೀರು ಪೋಲು ಮಾಡಬೇಡಿ, ಕೋಲಾರದಲ್ಲಿ ನೀರಿನ ಬೆಲೆ ನಿಮಗೆ ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಹಸು. ಮೇವು ಕತ್ತರಿಸುವ ಯಂತ್ರ ಓಡುವಾಗ ಅದರ ಬಾಯಿಗೆ ಕೈ ಕೊಡಬೇಡಿ, ತಮ್ಮ ತಂಗಿಯರನ್ನು ಹತ್ತಿರ ಬಿಡಬೇಡಿ. ಕಬ್ಬಿನ ಹಾಲಿನ ಯಂತ್ರಕ್ಕೂ ಇದೇ ಮಾತು. ಬೆರಳು ತುಂಡಾದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು, ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ನೀರಿನಲ್ಲಿಟ್ಟು ಆಸ್ಪತ್ರೆಗೆ ಒಯ್ಯಬೇಕು. ತುಂಡಿಗೆ ಐಸ್ ನೇರವಾಗಿ ತಾಗಬಾರದು. ಒಡೆದ ಗಾಜಿನಿಂದಲೋ ಗಾಳಿಪಟದ ಮಾಂಜಾ ದಾರದಿಂದಲೋ ಕೈ ಕುಯ್ದುಕೊಂಡಾಗ, ಗಾಯ ಚಿಕ್ಕದಿದ್ದರೂ ರಕ್ತ ನಿಂತಿದ್ದರೂ, ಬೆರಳಿನ ಎರಡೂ ಮಗ್ಗುಲನ್ನು ಮುಟ್ಟಿ ನೋಡಿಕೊಳ್ಳಿ. ಒಂದು ಮಗ್ಗುಲು ಮಂಕಾಗಿದೆ ಅನ್ನಿಸಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಅದೇ ದಿನ ಮನೆಯಲ್ಲಿ ಹೇಳಿ ಡಾಕ್ಟರಿಗೆ ತೋರಿಸಿ, ಯಾವ ಬೆರಳಿನ ಯಾವ ಮಗ್ಗುಲು ಅಂತಲೂ ಅವರಿಗೆ ನೀವೇ ಹೇಳಿ.